ಫಿಲ್ಟರ್ ಕೊಂಡು ಬಾಯಿ ಮುಚ್ಚಿಕೊಂಡವ್ರು ನಾವ

ಹೋದ ವಾರ ನಮ್ಮ ವೈನಿ ಫೋನ್ ಮಾಡಿ, “ಏನವಾ, ಈ ತಿಂಗಳು ಏನೂ ಬರದಿಲ್ಲಲಾ? ಸಂಕ್ರಮಣಕ್ಕ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಗ್ಗೆನರ ಬರಿ” ಅಂದ್ರು. ರೊಟ್ಟಿ ಬಗ್ಗೆ ಬರೀತೀನಿ ವೈನಿ, ಸಿಟ್ಟಾಗಬ್ಯಾಡ್ರಿ. ಇವತ್ತು ನನಗ ಜಗಳಾ ಮಾಡೂದೈತಿ. ಪುರಸಭೆಯವ್ರ ಕೂಡ ಮಾಡೂದೈತಿ, ಆದ್ರ ಅದಕ್ಕಿಂತ ಮೊದಲ ನಿಮ್ಮ ಕೂಡ, ನನ್ನ ಕೂಡ.

ನಮ್ಮೂರಿನ ನೀರಿನ ಕತಿ ನಿಮಗ ಗೊತ್ತೈತಿ. ಎಂಟು-ಹತ್ತು ದಿನಕ್ಕೊಮ್ಮೆ ತುಂಗಭದ್ರಾ ಹೊಳಿ ನೀರು ಬರತೈತಿ, ನಡುವಿನ ದಿನ ಪುರಸಭೆ ಬೋರಿನ ನೀರು. ನಾಲ್ಕು ವರ್ಷದ ಹಿಂದ ನಾವೂ ಎಲ್ಲಾರ ಹಂಗ ಅಡಗಿಮನ್ಯಾಗ ಆರ್‌ಓ ಮಷೀನು ಹಾಕಿಸಿದ್ವಿ. 14 ಸಾವಿರ ಆತು. ಒಂದು ಕೊಡ ಚಲೋ ನೀರು ಕೊಟ್ರ ಎರಡು ಕೊಡ ಹೊರಗ ಬಿಡತೈತಿ ಅದು. ನೀರು ಚೆಲ್ಲಬಾರದಲ್ಲಾ ಅಂತ ನಾನು ಆ ಪೈಪಿನ ಕೆಳಗ ಬಕೀಟು ಇಟ್ಟಿದ್ದೆ, ಭಾಂಡಿ ತಿಕ್ಕಾಕ, ನೆಲ ಒರಸಾಕ.

ನಮ್ಮನಿಗೆ ಕೆಲಸಕ್ಕ ಬರೂ ಅಕ್ಕ ಒಂದಿನ, “ಅಕ್ಕಾರ, ಬಕೀಟಿನ ನೀರು ಒಂದು ಕೊಡ ಒಯ್ಲೇನ್ರಿ?” ಅಂದ್ಲು. ಒಯ್ಯವಾ ಅಂದೆ. ದಿನಾ ಒಯ್ದಳು. ಮೂರು ತಿಂಗಳಾದ ಮ್ಯಾಲೆ ಆಕಿ ಮಗಳಿಗೆ ಜ್ವರಾ ಬಂದೈತಿ ಅಂತ ಮಾತಾಡಸಾಕ ಹೋದ್ರ, ಅಲ್ಲಿ ಮಡಕಿ ಮ್ಯಾಲೆ ತಾಟು ಮುಚ್ಚಿ ಇಟ್ಟಾಳ ಆ ನೀರನ್ನ. ಹುಡುಗಿಗೆ ಲೋಟಾದಾಗ ಅದನ್ನ ಕೊಡಾಕತ್ತಾಳ. “ಮಷೀನಿನ ನೀರಲ್ರೀ ಅಕ್ಕಾರ, ಅದಕ್ಕ ಕುಡಿಯಾಕ ಅಷ್ಟ ಇಟ್ಟೀನಿ, ಒಂದು ಹನಿ ಬ್ಯಾರೆದಕ್ಕ ಬಳಸೂದಿಲ್ಲ” ಅಂದ್ಲು. ನನಗ ಕಾಲಾಗಿನ ಭೂಮಿ ಜಾರಿದಂಗಾತು. ನಮ್ಮ ಮಷೀನು ನಮಗ ಬ್ಯಾಡಂತ ತಗದು ಒಗದಿದ್ದೆಲ್ಲಾ ಆ ನೀರಾಗ ಐತಿ. ಮೂರು ಕೊಡದಾಗ ಇರೂ ಫ್ಲೋರೈಡು ಹೆಚ್ಚುಕಡಿಮಿ ಪೂರಾ ಎರಡು ಕೊಡದಾಗ ಬಂದು ಕುಂತಿರತೈತಿ. ನಳದ ನೀರಿಗಿಂತ ಕೆಟ್ಟದ್ದು. ಅದನ್ನ ಮೂರು ತಿಂಗಳು ನನ್ನ ಕೈಲೆ ಕೊಟ್ಟು ಕಳಿಸೀನಿ, ಪುಣ್ಯಾ ಮಾಡಾಕತ್ತೀನಿ ಅಂತ ತಿಳಕೊಂಡು.

ಆ ಹುಡುಗಿಗೆ ಏಳು ವರ್ಷ. ಹೊಸಾ ಹಲ್ಲು ಈಗ ಬರಾಕತ್ತಾವ, ಬರೂವಾಗ ಕಂದು ಗೆರಿ ಹೊತಗೊಂಡು ಬರಾಕತ್ತಾವ.

ಫ್ಲೋರೈಡು ಯಾವುದೋ ಫ್ಯಾಕ್ಟರಿಯವ್ರು ಬಿಟ್ಟ ವಿಷ ಅಲ್ರಿ. ನಮ್ಮ ಕಡೆ ಕಲ್ಲಿನಾಗ ಐತಿ ಅದು, ನೀರು ಆ ಬಂಡಿಗಲ್ಲಿನ ಸಂದ್ಯಾಗ ವರ್ಷಾನುಗಟ್ಟಲೆ ನಿಂತು ಕರಗಿಸಿಕೊಂಡು ಬರತೈತಿ. ಹಿರ್ಯಾರು ಕುಡದದ್ದು ಕೆರಿ ನೀರು, ಭಾವಿ ನೀರು. ನಾವು ಆರುನೂರು-ಏಳುನೂರು ಅಡಿ ಕೊರದು ತಗದಿದ್ದು ಬ್ಯಾರೆ ನೀರು. ಕುಡಿಯೂ ನೀರಿಗೆ ನಮ್ಮ ದೇಶದಾಗ ಇಟ್ಟ ಅಳತಿ ಲೀಟರಿಗೆ 1 ಮಿಲಿಗ್ರಾಂ. ಬ್ಯಾರೆ ಗತಿನ ಇಲ್ಲಂದ್ರ 1.5 ತನಕ ನಡೀತೈತಿ. ನಮ್ಮ ಓಣಿ ನಳದ ಬೋರಿನ ನೀರು ನಾನು ಜಿಲ್ಲಾ ಲ್ಯಾಬಿಗೆ ಕಳಿಸಿದ್ದೆ. 3 ಬಂತು. ಮಷೀನಿನ ಹೊರಗಿನ ಪೈಪಿನ ನೀರು ನಾಲ್ಕರ ಮ್ಯಾಲೆ.

ಕಾಸಿ ಆರಿಸಿದ್ರ ಹೋಗತೈತಿ ಅಂತ ಇನ್ನೂ ಭಾಳ ಮಂದಿ ತಿಳಕೊಂಡೀರಿ. ಹೋಗೂದಿಲ್ಲ. ಕಾಸಿದ್ರ ನೀರು ಆವಿಯಾಗಿ ಹೋಗತೈತಿ, ಫ್ಲೋರೈಡು ಪಾತ್ರ್ಯಾಗ ಉಳೀತೈತಿ, ಸಾರು ಬತ್ತಿಸಿದ್ರ ಉಪ್ಪು ಜಾಸ್ತಿ ಆದಂಗ. ಅರಬಿಯಾಗ ಸೋಸಿದ್ರೂ ಅಷ್ಟ, ಕ್ಯಾಂಡಲ್ ಫಿಲ್ಟರಿನಾಗ ಹಾಕಿದ್ರೂ ಅಷ್ಟ. ರುಚಿ ಬದಲಾಗೂದಿಲ್ಲ, ವಾಸನಿ ಇಲ್ಲ, ಬಣ್ಣ ಇಲ್ಲ. ಹಲ್ಲು ಒಸಡಿನ ಒಳಗ ಬೆಳಿಯೂವಾಗ, ಅಂದ್ರ ಹುಟ್ಟಿದಾಗಿಂದ ಎಂಟು ವರ್ಷದ ತನಕ, ಈ ನೀರು ಕುಡದ್ರ ಕಲೆ ಬೀಳತೈತಿ, ಆಮ್ಯಾಲೆ ಯಾವ ಪೇಸ್ಟಿಗೂ ಹೋಗೂದಿಲ್ಲ. ದೊಡ್ಡವ್ರಿಗೆ ಇದ್ದ ಹಲ್ಲಿಗೇನೂ ಆಗೂದಿಲ್ಲ, ಅವ್ರಿಗೆ ಎಲುಬಿಗೆ ಹೋಗತೈತಿ. ನಮ್ಮ ಸಣ್ಣತ್ತಿ ಹದಿನೈದು ವರ್ಷದಿಂದ ಕೆಳಗ ಕುಂತ್ರ ಏಳಾಕ ಬರಂಗಿಲ್ಲ. ಎಲ್ಲಾರೂ ವಾಯು, ವಾಯು ಅಂತ ಎಣ್ಣಿ ತಿಕ್ಕಿದ್ದ ತಿಕ್ಕಿದ್ದು. ಎಕ್ಸ್‌ರೇ ನೋಡಿದ ಡಾಕ್ಟರು ಮೊದಲ ಕೇಳಿದ ಪ್ರಶ್ನೆ, “ಯಾವ ನೀರು ಕುಡದು ಬೆಳದೀರಿ?”

ಹೆಣ್ಣು ನೋಡಾಕ ಬಂದವ್ರ ಮಾತು ಬ್ಯಾರೆ ಹೇಳಬೇಕೇನು? “ಹುಡುಗಿ ಚಲೋ ಅದಾಳ, ಆದ್ರ ನಗೂದಿಲ್ಲಲಾ” ಅಂತಾರ. ನಕ್ಕರ ಹಲ್ಲು ಕಾಣತಾವ. ಹುಡುಗನ ಹಲ್ಲು ಹಂಗ ಇದ್ರೂ ಯಾರೂ ಕೇಳೂದಿಲ್ಲ, ಅದೂ ಒಂದು ಐತಿ.

ಇದು ಹೊಸಾ ರೋಗ ಅಲ್ಲ. ನೆಲ್ಲೂರು ಕಡೆ ಮಂದಿಗೆ ಎಲುಬು ಬಿಗೀತಾವ ಅಂತ 1937ರಾಗ ಬರದು ಇಟ್ಟಾರ. ನಲ್ಲಗೊಂಡ ವಿಧಾನ ಅಂತ ಕೇಳೀರೇನು? ಪಟಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ, ಕಲಿಸಿ, ತಿಳಿ ಬಿಡೂದು. ನಾಗಪುರದ ನೀರಿಯವ್ರು ಇದನ್ನ ಕಂಡು ಹಿಡದು ಐವತ್ತು ವರ್ಷ ಆತು. ಆ ನಲ್ಲಗೊಂಡದಾಗ 1996ರ ಲೋಕಸಭಾ ಇಲೆಕ್ಷನ್ನಿಗೆ ನೀರಿನ ಸಂಕಟ ದಿಲ್ಲಿಗೆ ಮುಟ್ಟಲಿ ಅಂತ ಮಂದಿ ಗುಂಪು ಗುಂಪಾಗಿ ನಾಮಪತ್ರ ಹಾಕಿದ್ರು. ಒಂದ ಕ್ಷೇತ್ರಕ್ಕ 480 ಮಂದಿ ನಿಂತಿದ್ರು, ಮತಪತ್ರ ಪುಸ್ತಕದ ಹಂಗ ಅಚ್ಚು ಹಾಕಬೇಕಾತು. ಅಷ್ಟಾದ್ರೂ ಮನಿಮನಿಗೆ ಕೃಷ್ಣಾ ನೀರು ಕೊಡೂ ಮಿಷನ್ ಭಗೀರಥ ಶುರುವಾಗಿದ್ದು 2016ರಾಗ. ಇಪ್ಪತ್ತು ವರ್ಷ! ಆ ಇಪ್ಪತ್ತು ವರ್ಷದಾಗ ಎಷ್ಟು ಹುಡುಗರ ಹಲ್ಲು ಬಂದು ಹೋಗಿರಬೇಕು.

ನಾವು 480 ಮಂದಿ ಯಾಕ ಆಗಲಿಲ್ಲ? ನಾವು ಮಷೀನು ಕೊಂಡ್ವಿ. ಅದಕ್ಕ.

ನಮ್ಮ ಓಣ್ಯಾಗ 40 ಮನಿ. ನಾನ ಕೇಳ್ಕೊಂಡು ಬಂದೀನಿ, 26 ಮನ್ಯಾಗ ಮಷೀನು ಐತಿ. ಕ್ಯಾಂಡಲ್ಲು, ಮೆಂಬ್ರೇನು, ಸರ್ವಿಸ್ ಹುಡುಗನ ಬಿಲ್ಲು ಕೂಡಿಸಿ ವರ್ಷಕ್ಕ ಮನಿಗೆ 4 ಸಾವಿರ ಹಿಡೀರಿ. 1 ಲಕ್ಷ 4 ಸಾವಿರ ಆತು, ಒಂದು ಓಣಿಯಿಂದ, ಪ್ರತಿ ವರ್ಷ. ನೀರಿನ ಕರ ಬ್ಯಾರೆ ಕಟ್ಟತೀವಿ. ಇಷ್ಟು ಕೊಟ್ಟು ಕುಡಿಯೂ ನೀರು ಅಷ್ಟ ಸುಧಾರಿಸಿಕೊಂಡೀವಿ. ಅನ್ನಕ್ಕ ಯಾವ ನೀರು ಇಡತೀರಿ? ಬ್ಯಾಳಿ ಬೇಯಿಸಾಕ? ಹಿಟ್ಟು ನಾದಾಕ? ಇಪ್ಪತ್ತಾರರಾಗ ಹತ್ತೊಂಬತ್ತು ಮಂದಿ “ಅಡಗಿಗೆ ನಳದ್ದ ನೀರು” ಅಂದ್ರಿ. ಹೊಟ್ಟಿಗೆ ಹೋಗೂದು ಅದೂ ಅಲ್ಲೇನು? ಇನ್ನು ಉಳಿದ 14 ಮನಿ ಓಣಿ ತುದಿಯವು, ತಗಡಿನ ಮನಿ. ನಾವು 26 ಮಂದಿ ಒಗದ ನೀರು ಗಟಾರಕ್ಕ ಹೋಗಿ, ನೆಲಕ್ಕ ಇಳದು, ಅವ್ರ ಕೈಪಂಪಿನ ಕಡೆ ಹೊಂಟೈತಿ.

ಹಂಗಾದ್ರ ಪುರಸಭೆ ಏನೂ ಮಾಡಿಲ್ಲೇನು ಅಂತೀರಿ. ಮಾಡೈತಿ! ಬಸ್ ಸ್ಟ್ಯಾಂಡ್ ಹತ್ರ ಶುದ್ಧ ನೀರಿನ ಘಟಕ ಕಟ್ಟಿಸ್ಯಾರ. ಐದು ರೂಪಾಯಿ ನಾಣ್ಯ ಹಾಕಿದ್ರ 20 ಲೀಟರ್. ರಿಬ್ಬನ್ ಕತ್ತರಿಸೂ ದಿನ ನಾವೂ ಹೋಗಿದ್ವಿ, ಪೇಢೆ ತಿಂದು ಬಂದ್ವಿ. ವರ್ಷ ತುಂಬೂದರಾಗ ಮೆಂಬ್ರೇನು ಕಟ್ಟಿತು. ಈಗ ಎರಡು ವರ್ಷದಿಂದ ಬೀಗ. ನಮ್ಮ ವಾರ್ಡಿನ ಮೆಂಬರನ್ನ ಕೇಳಿದ್ರ, “ಕಟ್ಟಾಕ ಅನುದಾನ ಇತ್ತು ಅಕ್ಕಾರ, ನಡಸಾಕ ಇಲ್ಲ” ಅಂದ. ಗ್ಯಾಸಿನ ಒಲಿ ಕೊಡಿಸಿ ಸಿಲಿಂಡರಿಗೆ ರೊಕ್ಕಿಲ್ಲ ಅಂದ್ರ ಆ ಗಂಡನ್ನ ಏನಂತೀರಿ ನೀವು? ಮನಿ ನಡಸೂ ಯಾವ ಹೆಣ್ಣಮಗಳಿಗೂ ಗೊತ್ತಿರೂ ಮಾತಿದು: ವಸ್ತು ತರೂದು ಒಂದ ದಿನದ ಖರ್ಚು, ನಡಸೂದು ದಿನಾ ಖರ್ಚು.

ಮೈದುನನ ಮಗಳು ಕಾಲೇಜಿಗೆ ಹೋಗತಾಳಲ್ಲಾ, ಆಕಿ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಾಗ ಅರ್ಜಿ ಹಾಕಿದ್ಲು. ಉತ್ತರ ಬಂತು. ಸ್ವಾಗತ ಕಮಾನಿಗೆ ರೊಕ್ಕ ಐತಿ. ಸರ್ಕಲ್ಲಿನ ಎತ್ತರದ ದೀಪಕ್ಕ ಐತಿ. ಘಟಕದ ನಿರ್ವಹಣಿ ಅನ್ನೂ ಸಾಲಿನ ಮುಂದ ಒಂದು ಗೆರಿ ಎಳದಾರ.

ನೀರು ಕೊಡೂದು ಅವ್ರ ಉಪಕಾರ ಅಲ್ರಿ. ಪಟ್ಟಣದ ಆಡಳಿತಕ್ಕ ಒಪ್ಪಿಸಬೇಕಾದ ಹದಿನೆಂಟು ಕೆಲಸದ ಪಟ್ಟಿ ಸಂವಿಧಾನದ ಹನ್ನೆರಡನೇ ಅನುಸೂಚ್ಯಾಗ ಐತಿ, ಅದರಾಗ ನೀರು ಪೂರೈಕಿ ಒಂದು. 2021ರಿಂದ 2026ರ ತನಕ ಹದಿನೈದನೇ ಹಣಕಾಸು ಆಯೋಗದಿಂದ ಸಣ್ಣ ಊರುಗಳಿಗೆ ಬರೂ ಅನುದಾನದಾಗ ನೂರಕ್ಕ ಅರವತ್ತು ಪಾಲು ಕುಡಿಯೂ ನೀರು, ನೈರ್ಮಲ್ಯ ಇಂಥಾದ್ದಕ್ಕ ಖರ್ಚಾಗಬೇಕು ಅಂತ ಕಟ್ಟು ಹಾಕ್ಯಾರ. ಆ ಪಾಲು ನಮ್ಮೂರಾಗ ಎಲ್ಲಿ ಹೋತು ಅಂತ ಕೇಳೂದು ನಮ್ಮ ಕೆಲಸ.

ವೈನಿ ಮತ್ತ ಅಂದ್ರು, “ರೊಕ್ಕ ಕೊಟ್ರ ತಿಂತಾರವಾ, ನಿನ್ನ ನೀರು ನಿನ್ನ ಮನ್ಯಾಗ ನೋಡ್ಕೊ.” ತಿಂತಾರ, ಖರೆ. ಆದ್ರ ಮಷೀನಿನ ಕಂಪನಿಯವ್ರು ನಮ್ಮ ರೊಕ್ಕ ತಿನ್ನೂದಿಲ್ಲೇನು? ಅವ್ರಿಗೆ ಲೆಕ್ಕಾ ಕೇಳಾಕ ಅರ್ಜಿ ಬರಂಗಿಲ್ಲ. ಪುರಸಭೆಗೆ ಬರತೈತಿ, ಹತ್ತು ರೂಪಾಯಿಗೆ.

ಇನ್ನೊಬ್ರು, “ಪೂರಾ ಹೊಳಿ ನೀರು ಬರತೈತಿ, ತಡೀರಿ” ಅಂತಾರ. ಬರಲಿ. ತನಕ? ಮತ್ತ ತಡಿಯೂದ ಆದ್ರ ಈಗಿರೂ ಹೊಳಿ ನೀರಾಗ ಬೋರಿನ ನೀರು ಬೆರಸಿ ಬಿಡ್ರಿ, ಹುಳಿ ಮಜ್ಜಿಗಿಗೆ ನೀರು ಬೆರಸಿದಂಗ. ಹೊಳಿ ನೀರೂ ಲ್ಯಾಬಿಗೆ ಕೊಟ್ಟಿದ್ದೆ, 0.4 ಇತ್ತು. ಅರ್ಧಕ್ಕರ್ಧ ಬೆರಸಿದ್ರ 1.7, ಸಾಲಂಗಿಲ್ಲ. ಒಂದು ಪಾಲು ಬೋರಿಗೆ ಎರಡು ಪಾಲು ಹೊಳಿ ಹಾಕಿದ್ರ 1.3ರ ಹತ್ರ ಬರತೈತಿ. ಒಂದಕ್ಕ ಇಳಿಲಿಲ್ಲ, ಆದ್ರ ಒಂದೂವರಿ ಒಳಗ ಬಂತು. ಇದಕ್ಕ ಮಷೀನು ಬ್ಯಾಡ, ಬೆರಸಾಕ ಒಂದು ಟಾಕಿ ಬೇಕು, ತಿಂಗಳಿಗೊಮ್ಮೆ ಪರೀಕ್ಷೆ ಮಾಡೂ ಮನಷ್ಯಾ ಬೇಕು. ಈಗಿನಂಗ ಒಂದಿನ ಹೊಳಿ ನೀರು, ಎಂಟು ದಿನ ಬೋರು ಅಂತ ಬಿಟ್ರ ಎಂಟು ದಿನ ಮಕ್ಕಳು ಮೂರನ್ನ ಕುಡೀತಾವ. ಹೊಳಿ ನೀರು ಕಡಿಮಿ ಬಿದ್ರ ಬೆರಸಿದ್ದನ್ನ ಕುಡಿಯಾಕ, ಅಡಗಿಗೆ ಅಂತ ಒಂದು ತಾಸು ಬ್ಯಾರೆ ಬಿಡಲಿ, ಬಳಸಾಕ ಬೋರಿಂದು ಬಿಡಲಿ. ನಾವು ಹೆಂಗಸರು ಹಂಡ್ಯಾಗಿನ ನೀರು, ಕೊಡದಾಗಿನ ನೀರು ಬ್ಯಾರೆ ಇಡೂದಿಲ್ಲೇನು?

ಬಜೆಟ್ಟಿನ ಮೊದಲಿನ ಸಭೆ ಈ ತಿಂಗಳ ಕಡೀ ಮಂಗಳವಾರ ಪುರಸಭೆ ಮೀಟಿಂಗ್ ಹಾಲಿನಾಗ ಐತಿ. ಸಾರ್ವಜನಿಕರು ಬರಬಹುದು ಅಂತ ಬೋರ್ಡಿಗೆ ಚೀಟಿ ಹಚ್ಯಾರ, ಓದೂವಷ್ಟು ದೊಡ್ಡ ಅಕ್ಷರದಾಗ ಅಲ್ಲ. ಹೋದ ವರ್ಷ ಹೋದವ್ರು ಹನ್ನೊಂದು ಮಂದಿ, ಎಲ್ಲಾ ಗಂಡಸರು, ರಸ್ತೆ ಕೇಳಿ ಬಂದ್ರು. ನಾನು ಕೇಳೂದು, ಘಟಕ ನಡಸೂ ರೊಕ್ಕ ಬಜೆಟ್ಟಿನಾಗ ಬ್ಯಾರೆ ಸಾಲಿನಾಗ ಬರೀರಿ, ಒಗಿಯೂ ನೀರು ಎಲ್ಲಿ ಹೋಗತೈತಿ ಅದನ್ನೂ ಬರೀರಿ, ಬೆರಸೂ ಟಾಕಿಗೆ ಇಷ್ಟು ಅಂತ ತಗದಿಡ್ರಿ, ಮತ್ತ ಟಾಕಿ ಗ್ವಾಡಿ ಮ್ಯಾಲೆ ತಿಂಗಳಿಗೊಮ್ಮೆ ಫ್ಲೋರೈಡು ಎಷ್ಟು ಬಂತು ಅಂತ ಬಣ್ಣದಾಗ ಬರಸ್ರಿ. ಕಮಾನಿನ ಮ್ಯಾಲೆ ಹೆಸರು ಬರಸಾಕ ಪೇಂಟರ್ ಸಿಗತಾನ, ಇದಕ್ಕೂ ಸಿಗತಾನ.

ಕೆಲಸದ ಅಕ್ಕ ಬರತೀನಿ ಅಂದಾಳ. ಅವತ್ತಿನ ಪಗಾರ ನಾ ಹಿಡಿಯೂದಿಲ್ಲ, ನೀವೂ ನಿಮ್ಮ ಮನ್ಯಾಗ ಹಿಡಿಯಬ್ಯಾಡ್ರಿ. ಆಕಿಗೆ ಈಗ ಚಲೋ ನೀರಿನ ಕೊಡ ತುಂಬಿಸಿ ಕಳಿಸ್ತೀನಿ. ಹೊರಗಿನ ಪೈಪಿನ ಬಕೀಟಿನ ಮ್ಯಾಲೆ ಕೆಂಪು ಬಣ್ಣದಾಗ “ಕುಡಿಯಬ್ಯಾಡ್ರಿ” ಅಂತ ಬರದೀನಿ. ನಿಮ್ಮ ಮನ್ಯಾಗೂ ಇವತ್ತ ಬರೀರಿ, ಆ ನೀರು ಯಾರು ಒಯ್ತಾರ ಅಂತ ಇವತ್ತ ಕೇಳ್ರಿ.

ಮಂಗಳವಾರ ಹತ್ತೂವರಿಗೆ ನಮ್ಮನಿ ಕಟ್ಟಿ ಮುಂದ ಕೂಡ್ರೂಣು. ಬರೂವಾಗ ನಿಮ್ಮ ನಳದ ನೀರು ಒಂದೊಂದು ಬಾಟ್ಲಿ ತರ್ರಿ, ಮ್ಯಾಲೆ ಮನಿ ನಂಬರ್ ಬರದು. ನಲವತ್ತು ಬಾಟ್ಲಿ ಅವ್ರ ಮೇಜಿನ ಮ್ಯಾಲೆ ಇಡೂಣು. ಸಭೆಯಾಗ ಅವ್ರ ಮುಂದ ಕಂಪನಿ ನೀರಿನ ಬಾಟ್ಲಿ ಇಟ್ಟಿರ್ತಾರಲ್ಲಾ, ಅದರ ಮಗ್ಗಲಿಗೆ.