ಸ್ವರಗಳಿಗೆ ಒಡೆಯರುಂಟೆ?

ನಮ್ಮ ಮನೆಯಲ್ಲಿ ಕಾಲೇಜು ಓದುವ ಮೊಮ್ಮಗನಿದ್ದಾನೆ. ಸಂಜೆಯಾಯಿತೆಂದರೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷ್ ಹಾಡುಗಳನ್ನು ನುಡಿಸುತ್ತಾನೆ. ಬಾಲ್ಯದಲ್ಲಿ ನಾಲ್ಕು ವರ್ಷ ಪಿಟೀಲು ಕಲಿತ ಗರ್ವ ನನ್ನದು, “ಎಲ್ಲ ಹಾಡೂ ಒಂದೇ ತರಹ ಕೇಳುತ್ತದಲ್ಲೊ?” ಎಂದು ಒಮ್ಮೆ ಹಂಗಿಸಿದೆ. ಅವನು ಕೋಪಿಸಿಕೊಳ್ಳಲಿಲ್ಲ. “ಹೌದು ತಾತ, ಅದಕ್ಕೇ ಕೋರ್ಟಿಗೆ ಹೋಗಿದ್ದರು” ಎಂದ. ಆ ಮಾತನ್ನು ಹಿಡಿದು ಹೊರಟಾಗ ತಿಳಿದದ್ದಿಷ್ಟು.

ಇಂಗ್ಲೆಂಡಿನ ಎಡ್ ಶೀರನ್ ಎಂಬ ಗಾಯಕನ ‘ಥಿಂಕಿಂಗ್ ಔಟ್ ಲೌಡ್’ ಎಂಬ ಗೀತೆ 2014ರಲ್ಲಿ ಪ್ರಕಟವಾಗಿ ಲೋಕಪ್ರಿಯವಾಯಿತು. ಅದು 1973ರಲ್ಲಿ ಮಾರ್ವಿನ್ ಗೇ ಹಾಡಿದ ‘ಲೆಟ್ಸ್ ಗೆಟ್ ಇಟ್ ಆನ್’ ಗೀತೆಯ ಅಪಹರಣವೆಂದು, ಆ ಹಳೆಯ ಗೀತೆಯನ್ನು ಗೇಯೊಡನೆ ರಚಿಸಿದ್ದ ಎಡ್ ಟೌನ್‌ಸೆಂಡರ ವಾರಸುದಾರರು ದಾವೆ ಹೂಡಿದರು. 2023ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಜ್ಯೂರಿ ಗಾಯಕನ ಪರವಾಗಿ ತೀರ್ಪಿತ್ತಿತು. ಸಾಕ್ಷಿಯ ಕಟಕಟೆಯಲ್ಲಿ ಅವನು ಗಿಟಾರ್ ನುಡಿಸಿಯೇ ತನ್ನ ವಾದವನ್ನು ಮಂಡಿಸಿದನಂತೆ. ತಾನು ಸೋತರೆ ಸಂಗೀತವನ್ನೇ ಬಿಡುವೆನೆಂದೂ ಹೇಳಿದ್ದನು.

ವಿವಾದದ ಮೂಲ ನಾಲ್ಕು ಸ್ವರಗುಚ್ಛಗಳು. ಗಿಟಾರ್ ಹಿಡಿದವರು ಇದನ್ನೇ ‘ಕಾರ್ಡ್’ ಎನ್ನುತ್ತಾರೆ. ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಹಿಂದೊಂದು ನಡೆಯುತ್ತವೆ. ಪಾಶ್ಚಾತ್ಯರಲ್ಲಿ ಮೂರು ಸ್ವರಗಳು ಒಟ್ಟಿಗೆ ನುಡಿಯುವುದುಂಟು. ಅವರ ಪ್ರಧಾನ ಸ್ವರಶ್ರೇಣಿಯು ನಮ್ಮ ಶಂಕರಾಭರಣದ ಸ್ವರಗಳೇ ಆದ್ದರಿಂದ ವಿಷಯವನ್ನು ನಮ್ಮ ಭಾಷೆಯಲ್ಲೇ ಹೇಳಬಹುದು. ಹಳೆಯ ಗೀತೆಯಲ್ಲಿ ಮೊದಲು ಸ-ಗ-ಪ, ಅನಂತರ ಗ-ಪ-ನಿ, ಬಳಿಕ ಮ-ದ-ಸ, ಕೊನೆಗೆ ಪ-ನಿ-ರಿ. ಹೊಸದರಲ್ಲಿಯೂ ಇದೇ ನಡೆ. ಎರಡನೆಯ ಗುಚ್ಛ ಮಾತ್ರ ಗ-ಪ-ಸ. ಅಂದರೆ ವ್ಯತ್ಯಾಸವಿರುವುದು ಒಂದೇ ಸ್ವರದಲ್ಲಿ! ಎರಡನೆಯ ಮತ್ತು ನಾಲ್ಕನೆಯ ಗುಚ್ಛಗಳು ತಾಳದ ಪೆಟ್ಟಿಗಿಂತ ಅರೆಕ್ಷಣ ಮೊದಲೇ ಬಂದು ನಿಲ್ಲುವುದೂ ಎರಡಕ್ಕೂ ಸಮಾನ. ಹೀಗಿರುವಾಗ ಕೇಳಿದವರಿಗೆ ಸಂದೇಹ ಬಂದುದು ಸಹಜವೇ.

ಆದರೆ ಈ ಕ್ರಮದ ಸೊಗಸಿಗೆ ಕಾರಣವನ್ನು ವಿಚಾರಿಸಬೇಕು. ಷಡ್ಜದಿಂದ ಹೊರಟ ಕಿವಿ ಮಧ್ಯಮದ ಗುಚ್ಛದಲ್ಲಿ ಮನೆಯಿಂದ ದೂರ ಸರಿಯುತ್ತದೆ. ಪಂಚಮದ ಗುಚ್ಛದಲ್ಲಿ ನಿಷಾದವಿರುವುದರಿಂದ ಮೇಲಿನ ಷಡ್ಜಕ್ಕಾಗಿ ಹಂಬಲಿಸುತ್ತದೆ. ಮತ್ತೆ ಸ-ಗ-ಪ ಬಂದಾಗ ಮನೆ ಸೇರಿದ ನೆಮ್ಮದಿ. ಹೊರಡುವುದು, ಹಂಬಲಿಸುವುದು, ಹಿಂತಿರುಗುವುದು, ಇಷ್ಟೇ ಕಥೆ. ಸ-ಗ-ಪ, ಪ-ನಿ-ರಿ, ದ-ಸ-ಗ, ಮ-ದ-ಸ ಎಂಬ ಇನ್ನೊಂದು ಕ್ರಮವಿದೆ. ಬೀಟಲ್ಸ್ ತಂಡದ 1970ರ ‘ಲೆಟ್ ಇಟ್ ಬಿ’ ಆರಂಭವಾಗುವುದು ಇದರಿಂದಲೇ. ಆಸ್ಟ್ರೇಲಿಯದ ವಿನೋದಗಾರರ ತಂಡವೊಂದು ಈ ನಾಲ್ಕೇ ಗುಚ್ಛಗಳನ್ನು ಸುತ್ತಿ ಸುತ್ತಿ ನುಡಿಸುತ್ತ, ಹತ್ತಾರು ಪ್ರಸಿದ್ಧ ಗೀತೆಗಳನ್ನು ಅದರ ಮೇಲೆ ಸಾಲಾಗಿ ಹಾಡಿ ಜನರನ್ನು ನಗಿಸಿತು. ನಕ್ಕವರು ಶಾಸ್ತ್ರವನ್ನೂ ಕಲಿತರೆನ್ನಬೇಕು.

ಎಲ್ಲ ಜ್ಯೂರಿಗಳೂ ಹೀಗೆ ಯೋಚಿಸಲಿಲ್ಲ. ‘ಬ್ಲರ್ಡ್ ಲೈನ್ಸ್’ ಎಂಬ 2013ರ ಗೀತೆ ಮಾರ್ವಿನ್ ಗೇಯ ಮತ್ತೊಂದು ಗೀತೆಯನ್ನು ಅನುಸರಿಸಿತೆಂದು 2015ರಲ್ಲಿ ಸುಮಾರು 74 ಲಕ್ಷ ಡಾಲರುಗಳ ಪರಿಹಾರ ವಿಧಿಸಲಾಯಿತು. ಆಮೇಲೆ ಅದು 53 ಲಕ್ಷಕ್ಕೆ ಇಳಿಯಿತು. 2018ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಗೇ ಕುಟುಂಬದ ಪರವಾಗಿಯೇ ನಿಂತಿತು. ಇದರಿಂದ ಒಂದು ಶೈಲಿಯೇ ಒಬ್ಬರ ಸ್ವತ್ತಾದಂತಾಯಿತೆಂದು ನ್ಯಾಯಾಧೀಶರೊಬ್ಬರು ಭಿನ್ನಮತ ಬರೆದರು. ನನ್ನ ಮನಸ್ಸು ಆ ಭಿನ್ನಮತದ ಕಡೆಗೇ ವಾಲುತ್ತದೆ.

ಏಕೆಂದರೆ ನಾವು ರಾಗದ ನಾಡಿನವರು. ತ್ಯಾಗರಾಜರು ಖಮಾಚಿನಲ್ಲಿ ‘ಸೀತಾಪತೇ’ ರಚಿಸಿದರು. ಅವರ ಶಿಷ್ಯಪರಂಪರೆಯಲ್ಲಿಯೇ ಬಂದ ಮೈಸೂರು ವಾಸುದೇವಾಚಾರ್ಯರು ಅದೇ ರಾಗದಲ್ಲಿ, ಅದೇ ಆದಿತಾಳದಲ್ಲಿ ‘ಬ್ರೋಚೇವಾರೆವರುರಾ’ ರಚಿಸಿದರು. ಇದನ್ನು ಕಳವೆಂದವರಿಲ್ಲ. ರಾಗ ಊರ ಕೆರೆಯಿದ್ದಂತೆ. ಕೃತಿ ಆ ನೀರಿನಿಂದ ಬೆಳೆದ ತೋಟ. ಕೆರೆಗೆ ಬೇಲಿ ಹಾಕಿದರೆ ಎಲ್ಲ ತೋಟಗಳೂ ಒಣಗುತ್ತವೆ.

ಹಾಗೆಂದು ತೋಟಕ್ಕೆ ನುಗ್ಗುವವನನ್ನು ಬಿಡಲಾದೀತೆ? ಈ ಪ್ರಶ್ನೆ ನಮ್ಮ ದೇಶದಲ್ಲಿಯೂ ಎದ್ದಿತು. 2023ರ ‘ಪೊನ್ನಿಯಿನ್ ಸೆಲ್ವನ್ 2’ ಚಿತ್ರಕ್ಕೆ ಎ. ಆರ್. ರಹಮಾನ್ ಸಂಯೋಜಿಸಿದ ‘ವೀರಾ ರಾಜ ವೀರಾ’ ಗೀತೆ ಡಾಗರ್ ಸಹೋದರರ ‘ಶಿವ ಸ್ತುತಿ’ ಧ್ರುಪದದಿಂದ ಬಂದುದೆಂದು ಆ ಮನೆತನದ ಗಾಯಕರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. 2025ರ ಏಪ್ರಿಲಿನಲ್ಲಿ ಏಕಸದಸ್ಯ ಪೀಠವು ಎರಡು ಕೋಟಿ ರೂಪಾಯಿ ಠೇವಣಿ ಇಡುವಂತೆಯೂ ಸಹೋದರರ ಹೆಸರನ್ನು ಕಾಣಿಸುವಂತೆಯೂ ಮಧ್ಯಂತರ ಆಜ್ಞೆ ಮಾಡಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠವು ಅದನ್ನು ರದ್ದುಪಡಿಸಿತು. ಹಾಡಿದವರೇ ರಚಿಸಿದವರೆಂದು ಊಹಿಸಲಾಗದೆಂಬುದು ಅದರ ತರ್ಕ. ಬಾಯಿಂದ ಬಾಯಿಗೆ ನಡೆದುಬಂದ ಸಂಗೀತಕ್ಕೆ ಪತ್ರದ ಆಧಾರವೆಲ್ಲಿಂದ ಬರಬೇಕು? ಇಲ್ಲಿ ಕಾನೂನಿನ ಕೈ ಮೋಟು. ನಮ್ಮ ದಾಸರು ಪದದ ಕೊನೆಯಲ್ಲಿ ಅಂಕಿತವಿಡುತ್ತಿದ್ದುದರ ಬೆಲೆ ನನಗೆ ಈಗ ಇನ್ನಷ್ಟು ಅರ್ಥವಾಗುತ್ತಿದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಸ್ವರ, ತಾಳ, ರಾಗ, ಸ್ವರಗುಚ್ಛಗಳ ನಡೆ, ಇವು ಸಂಗೀತದ ವ್ಯಾಕರಣ, ವ್ಯಾಕರಣಕ್ಕೆ ಬಾಡಿಗೆ ಕೇಳಬಾರದು. ಅದರಿಂದ ಒಬ್ಬನು ಕಟ್ಟಿದ ವಾಕ್ಯ ಅವನದು. ಅದನ್ನು ಎತ್ತಿಕೊಂಡವನು ಹೆಸರು ಹೇಳಬೇಕು, ಹಣವನ್ನೂ ಕೊಡಬೇಕು. ಎರಡರ ನಡುವಣ ಗೆರೆ ಎಲ್ಲಿದೆಯೆಂದು ತಿಳಿಯಲು ತೀರ್ಪುಗಾರನಿಗೆ ಕಿವಿ ಮಾತ್ರವಲ್ಲ, ಶಾಸ್ತ್ರವೂ ಬೇಕು. ಬರಿಯ ಕಿವಿಗೆ ಎಲ್ಲ ಹಾಡೂ ಒಂದೇ ತರಹ ಕೇಳುವುದುಂಟು, ನನಗೆ ಕೇಳಲಿಲ್ಲವೆ?

ಮೊನ್ನೆ ಆ ಎರಡು ಗೀತೆಗಳನ್ನೂ ಒಂದರ ಮೇಲೊಂದು ನುಡಿಸೆಂದು ಹುಡುಗನನ್ನು ಕೇಳಿದೆ. ನುಡಿಸಿದ. ಗ-ಪ-ನಿ ಬರುವಲ್ಲಿ ಗ-ಪ-ಸ ಬಂದಾಗ ಈ ಸಲ ನನಗೆ ತಿಳಿಯಿತು.