ಸೆರೆಮನೆಯ ಅಂಗಳದಲ್ಲಿ ಜನಸಭೆ

ಬೆಂಗಳೂರಿನ ಶೇಷಾದ್ರಿ ರಸ್ತೆಯ ಬದಿಯಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ವಾಜಪೇಯಿ, ಆಡ್ವಾಣಿ ಮೊದಲಾದ ನಾಯಕರನ್ನು ಬಂಧನದಲ್ಲಿರಿಸಿದ್ದ ಹಳೆಯ ಸೆಂಟ್ರಲ್ ಜೈಲು, ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ತರುವಾಯ ಕೆಲವು ವರ್ಷ ನಿರುಪಯುಕ್ತವಾಗಿ ಬಿದ್ದಿದ್ದು, 2008ರಲ್ಲಿ ಫ್ರೀಡಂ ಪಾರ್ಕೆಂಬ ಅಭಿಧಾನದೊಡನೆ ಸಾರ್ವಜನಿಕರಿಗೆ ತೆರೆಯಿತು. ನಗರದ ಹೃದಯಭಾಗದ ಇಂತಹ ವಿಶಾಲ ಭೂಮಿ ವಾಣಿಜ್ಯ ಸಂಕೀರ್ಣವಾಗದೆ ಉಳಿದುದೇ ನಮ್ಮ ಪುಣ್ಯವೆನ್ನಬೇಕು. ಕಾವಲುಗೋಪುರವನ್ನೂ ಕೆಲವು ಬ್ಯಾರಕ್ಕುಗಳನ್ನೂ ಕೆಡವದೆ ಉಳಿಸಿಕೊಂಡ ವಿನ್ಯಾಸಕಾರರ ವಿವೇಕವು ಶ್ಲಾಘನೀಯವಾದುದು. ಏಕೆಂದರೆ ಪೂರ್ವಸ್ಮೃತಿಯನ್ನು ಸಂಪೂರ್ಣವಾಗಿ ಅಳಿಸಿ ನಿರ್ಮಿಸಿದ ಉದ್ಯಾನಗಳು, ಎಷ್ಟೇ ರಮಣೀಯವಾಗಿದ್ದರೂ, ಯಾವ ಊರಿಗೂ ಸಲ್ಲಬಹುದಾದ ನಿರ್ವಿಶೇಷ ಸ್ಥಳಗಳಾಗಿಬಿಡುತ್ತವೆ.

ಆದರೆ 2021ರ ಆದೇಶದ ಮೂಲಕ ನಗರದ ಪ್ರತಿಭಟನೆಗಳೆಲ್ಲವನ್ನೂ ಇಲ್ಲಿಗೇ ಸೀಮಿತಗೊಳಿಸಿದ ಕ್ರಮವನ್ನು ನಾನು ಒಪ್ಪಲಾರೆನು. ಅಂಗನವಾಡಿ ಕಾರ್ಯಕರ್ತೆಯರೂ ರೈತರೂ ದೂರದ ಜಿಲ್ಲೆಗಳಿಂದ ಬಂದು ಬಿಸಿಲಿನಲ್ಲಿ ಕುಳಿತು ಕೂಗಿದರೆ, ಆ ಧ್ವನಿಯು ವಿಧಾನಸೌಧವನ್ನು ಮುಟ್ಟುವುದೆಂತು? (ವಾಹನಸಂಚಾರದ ಅಡಚಣೆಯ ವಾದವನ್ನು ನಾನು ಬಲ್ಲೆ, ಮೆರವಣಿಗೆಯಿಲ್ಲದ ದಿನಗಳಲ್ಲಿ ನಗರದ ರಸ್ತೆಗಳು ನಿರಾತಂಕವಾಗಿರುವುದನ್ನು ಮಾತ್ರ ಕಂಡಿಲ್ಲ.) ಜನರನ್ನು ಆಹ್ವಾನಿಸುವ ಸ್ಥಳವೇ ಬೇರೆ, ಜನರನ್ನು ಕೂಡಿಹಾಕುವ ಸ್ಥಳವೇ ಬೇರೆ. ಈ ಆದೇಶವನ್ನು ಸಡಿಲಿಸುವವರೆಗೆ, ಅಲ್ಲಿ ಕುಳಿತವರಿಗೆ ನೆರಳು, ಕುಡಿಯುವ ನೀರು, ಶುಚಿಯಾದ ಶೌಚಾಲಯ ಇವುಗಳನ್ನು ಯಥೇಷ್ಟವಾಗಿ ಒದಗಿಸುವುದು ಸರ್ಕಾರದ ಕನಿಷ್ಠ ಕರ್ತವ್ಯವಾಗಿದೆ.