ಲೆನ್ಸಿನ ಸೈಜು ನೋಡಿ ಸೀಟಿ ಊದುವ ಊರಲ್ಲಿ

ಕಳೆದ ಜೂನ್‌ನ ಒಂದು ಭಾನುವಾರ, ಬೆಳಗ್ಗೆ ಆರೂಮುಕ್ಕಾಲು. ಬೆಂಗಳೂರಿನ ಒಂದು ದೊಡ್ಡ ಪಾರ್ಕಿನಲ್ಲಿ ಹಳೇ ಮಳೆಮರವೊಂದರ ಕೆಳಗೆ ಮಂಡಿಯೂರಿ ಕೂತಿದ್ದೆ. ರಾತ್ರಿ ಮಳೆಗೆ ನೆನೆದ ತೊಗಟೆ ಮೇಲೆ ಬಿಸಿಲು ಬೀಳುವುದನ್ನೇ ಕಾಯುತ್ತಿದ್ದೆ. ಬಿಸಿಲು ಬಂತು. ಜೊತೆಗೆ ಸೀಟಿಯೂ ಬಂತು.

"ಸಾರ್, ಕ್ಯಾಮೆರಾ ಅಲೋ ಇಲ್ಲ."

"ಅವರೆಲ್ಲ ತೆಗೀತಿದಾರಲ್ಲಣ್ಣ?"

"ಅದು ಮೊಬೈಲು ಸಾರ್. ಇದು ಪ್ರೊಫೆಷನಲ್ಲು."

ಹತ್ತು ಹೆಜ್ಜೆ ಆಚೆ ಮೂವರು ಹುಡುಗರು ಒಂದು ಬಟ್ಟೆ ಅಂಗಡಿಗೆ ರೀಲ್ಸ್ ಮಾಡುತ್ತಿದ್ದರು. ಅಂಗಡಿ ಹೆಸರಿನ ಕವರ್ ಕೈಯಲ್ಲಿ ಹಿಡಿದು ಪೋಸ್ ಕೊಡುತ್ತಿದ್ದ ಹುಡುಗಿ ನಾಲ್ಕನೇ ಟೇಕ್‌ನಲ್ಲಿದ್ದಳು. ಅವರ ಫೋನಿನ ಬೆಲೆ ಲಕ್ಷ ದಾಟುತ್ತೆ. ನನ್ನ ಕೈಯಲ್ಲಿದ್ದದ್ದು 2013ರ ಮಾಡೆಲ್ಲಿನ ನಿಕಾನ್ ಡಿ5300. ಹದಿನೆಂಟು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಅದರಿಂದ ಇವತ್ತಿನವರೆಗೆ ಒಂದು ರೂಪಾಯಿ ದುಡಿದಿಲ್ಲ. ಆದರೂ ಪ್ರೊಫೆಷನಲ್ಲು ನಾನೇ.

ಗಾರ್ಡಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಅವರು ಗುತ್ತಿಗೆ ಕೆಲಸಗಾರ, ಮೇಲಿನವರು ಹೇಳಿದ್ದನ್ನು ಮಾಡುತ್ತಾರೆ. ಆರ್ಡರ್ ಎಲ್ಲಿದೆ ಅಂತ ಕೇಳಿದ್ದಕ್ಕೆ "ಬಾಯಲ್ಲಿ ಹೇಳಿದಾರೆ ಸಾರ್" ಅಂದರು. ನನಗೆ ಅಲ್ಲಿಂದ ತಲೆಗೆ ಹತ್ತಿದ್ದು ಇದು: ಸಾರ್ವಜನಿಕ ಜಾಗದಲ್ಲಿ ಯಾರು ನೋಡಬಹುದು, ಯಾರು ದಾಖಲಿಸಬಹುದು ಅನ್ನೋದನ್ನ ಈ ಊರು ಬಾಯಿಮಾತಲ್ಲಿ, ಲೆನ್ಸಿನ ಉದ್ದ ಅಳೆದು ತೀರ್ಮಾನಿಸುತ್ತಿದೆ.

ಕಾನೂನು ಏನು ಹೇಳುತ್ತೆ? 1923ರ ಅಧಿಕೃತ ರಹಸ್ಯಗಳ ಕಾಯ್ದೆ ಸೇನೆಯ ನೆಲೆ, ಶಸ್ತ್ರಾಗಾರದಂಥ 'ನಿಷೇಧಿತ ಸ್ಥಳ'ಗಳ ಬಗ್ಗೆ ಹೇಳುತ್ತೆ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ಸೆರೆಹಿಡಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77ರ ಪ್ರಕಾರ ಅಪರಾಧ, ಆಗಲೇಬೇಕು. ಇದರಾಚೆಗೆ ರಸ್ತೆಯಲ್ಲಿ ನಿಂತು ಮರದ ಫೋಟೋ ತೆಗೆಯಬಾರದು ಅನ್ನುವ ಸಾಮಾನ್ಯ ಕಾನೂನು ಈ ದೇಶದಲ್ಲಿಲ್ಲ. ಪಾರ್ಕು, ಮ್ಯೂಸಿಯಂಗಳಿಗೆ ಅವುಗಳದ್ದೇ ನಿಯಮ ಇರಬಹುದು. ಇದ್ದರೆ ಬರಹದಲ್ಲಿರಲಿ, ಬೋರ್ಡಿನ ಮೇಲಿರಲಿ, ಕಾರಣವೂ ಇರಲಿ.

ಇಂಥ ನಿಷೇಧಗಳಿಗೆ ಎಷ್ಟು ಗಟ್ಟಿ ಬುಡ ಇರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ಕೇಂದ್ರ ಪುರಾತತ್ವ ಇಲಾಖೆಯ ಎಷ್ಟೋ ಸ್ಮಾರಕಗಳಲ್ಲಿ ವರ್ಷಗಟ್ಟಲೆ ಫೋಟೋಗೆ ತಡೆ ಇತ್ತು. 2018ರ ಜುಲೈನಲ್ಲಿ ದೆಹಲಿಯಲ್ಲಿ ಇಲಾಖೆಯ ಹೊಸ ಕಚೇರಿ ಉದ್ಘಾಟಿಸುವಾಗ ಪ್ರಧಾನಿಯೇ ಈ ನಿಷೇಧವನ್ನು ಪ್ರಶ್ನಿಸಿದರು. ಅದರ ಬೆನ್ನಲ್ಲೇ ಆದೇಶ ಬಂತು. ಅಜಂತಾ ಗುಹೆಗಳು, ಲೇಹ್ ಅರಮನೆ, ತಾಜ್ ಮಹಲಿನ ಸಮಾಧಿ ಭಾಗ, ಈ ಮೂರು ಬಿಟ್ಟು ಬೇರೆ ಕಡೆ ಫೋಟೋ ತೆಗೆಯಬಹುದು ಅಂತ. ಒಂದು ಭಾಷಣಕ್ಕೆ ಕರಗಿಹೋಗುವ ನಿಯಮವನ್ನು ಅಷ್ಟು ವರ್ಷ ಯಾಕೆ ಹೊತ್ತುಕೊಂಡಿದ್ದೆವು? ಯಾರೂ ಕೇಳಿರಲಿಲ್ಲ, ಅಷ್ಟೇ.

ಇನ್ನೊಂದು ಕಡೆಯ ಮಾತನ್ನೂ ಆಡಬೇಕು. ಪ್ರೀ-ವೆಡ್ಡಿಂಗ್ ಶೂಟ್ ಅಂತ ಬಂದು ಗಂಟೆಗಟ್ಟಲೆ ದಾರಿ ಅಡ್ಡಗಟ್ಟೋರು, ಹೂವಿನ ಪಾತಿ ತುಳಿಯೋರು, ಹೊಗೆಬಾಂಬು ಹಚ್ಚೋರು ಇದ್ದಾರೆ. ವಾಕಿಂಗ್ ಬರೋ ಹಿರಿಯರು ದೂರು ಕೊಟ್ಟಿದ್ದು ಸುಳ್ಳಲ್ಲ. ವ್ಯಾಪಾರಕ್ಕೆ ಜಾಗ ಬಳಸಿದರೆ ಶುಲ್ಕ ಹಾಕಿ, ಒಪ್ಪೋಣ. ಆದರೆ ಹಾಗಾದರೆ ಅಳೆಯಬೇಕಾದ್ದು ಬಳಕೆಯನ್ನು. ಜಾಹೀರಾತೇ ಮೊಬೈಲಿನಲ್ಲಿ ತಯಾರಾಗೋ ಕಾಲದಲ್ಲಿ ಲೆನ್ಸ್ ಉದ್ದ ಇದ್ದವನೇ ವ್ಯಾಪಾರಿ ಅನ್ನೋದು ಸೈಕಲ್ ನಿಲ್ಲಿಸಿ ಟೋಲ್ ಕೇಳಿದ ಹಾಗೆ.

ಹಾಗಾದ್ರೆ ಮೊಬೈಲಲ್ಲೇ ತೆಗಿ ಮಾರಾಯ ಅಂತ ನೀವು ಹೇಳಬಹುದು. ನನ್ನ ಅಮ್ಮನೂ ಅದನ್ನೇ ಹೇಳೋದು. ಬಹಳ ಸಲ ನಾನೂ ಮೊಬೈಲಲ್ಲೇ ತೆಗೆಯುತ್ತೇನೆ. ಆದರೆ ಕ್ಯಾಮೆರಾ ಬೇಕು ಅನ್ನೋದಕ್ಕೆ ಚೆಂದದ ಬ್ಲರ್ ಬಿಟ್ಟು ಬೇರೆಯೇ ಕಾರಣ ಇದೆ. ಫೋನು ಇವತ್ತು ಒಂದು ಚಿತ್ರ ತೆಗೆಯೋದಿಲ್ಲ. ಬಟನ್ ಒತ್ತಿದಾಗ ಹಲವು ಫ್ರೇಮುಗಳನ್ನು ಹಿಡಿದು, ಬೆರೆಸಿ, ನೆರಳು ಎತ್ತಿ, ಆಕಾಶಕ್ಕೆ ಬಣ್ಣ ತುಂಬಿ, ನಮಗೆ ಇಷ್ಟವಾಗಬಹುದಾದ ಒಂದನ್ನು ಕೊಡುತ್ತೆ. 2023ರ ಮಾರ್ಚ್‌ನಲ್ಲಿ ಒಬ್ಬಾತ ಚಂದ್ರನ ಚಿತ್ರವನ್ನು ಬೇಕಂತಲೇ ಮಸುಕು ಮಾಡಿ, ಕಂಪ್ಯೂಟರ್ ಪರದೆ ಮೇಲಿಟ್ಟು, ಸ್ಯಾಮ್‌ಸಂಗ್ ಫೋನಿನಲ್ಲಿ ಫೋಟೋ ತೆಗೆದ. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಮೂಡಿದ್ದವು. ಚಂದ್ರನ ವಿಷಯದಲ್ಲಿ ಅದು ತಮಾಷೆ. ಒತ್ತುವರಿಯಾದ ಕೆರೆಯ ವಿಷಯದಲ್ಲಿ?

ನಮ್ಮ ಏರಿಯಾದ ರಾಜಕಾಲುವೆ ಕಥೆ ಹೇಳ್ತೀನಿ. 2021ರಿಂದ ಪ್ರತಿ ಜೂನ್‌ನಲ್ಲಿ ಒಂದೇ ಮೋರಿಯ ಮೇಲೆ ನಿಂತು, ಒಂದೇ 35 ಎಂಎಂ ಲೆನ್ಸಿನಲ್ಲಿ, ಅದೇ ದಿಕ್ಕಿಗೆ ಫೋಟೋ ತೆಗೆಯುತ್ತಾ ಬಂದಿದ್ದೆ. ದೊಡ್ಡ ಉದ್ದೇಶವೇನೂ ಇರಲಿಲ್ಲ, ಹುಚ್ಚು. ನಾಲ್ಕನೇ ವರ್ಷ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಡದಂಡೆಯ ತಂತಿಬೇಲಿ ಕಾಲುವೆ ಕಡೆಗೆ ನಡೆದು ಬಂದಿತ್ತು. ಅಕ್ಕಪಕ್ಕದವರು ಸೇರಿ ದೂರು ಬರೆದೆವು, ಫೋಟೋ ಲಗತ್ತಿಸಿದೆವು. ಕಚೇರಿಯಲ್ಲಿ ಇಂಜಿನಿಯರ್ ಸಾಹೇಬರು ಫೈಲಿನ ವಿವರ ತೆರೆದು ನೋಡಿದರು. ಮೊದಲ ಎರಡರಲ್ಲಿ ಯಾವುದೋ ಓಬೀರಾಯನ ಕಾಲದ ತಾರೀಖು! ಲಾಕ್‌ಡೌನ್ ದಿನಗಳಲ್ಲಿ ತಿಂಗಳುಗಟ್ಟಲೆ ಬ್ಯಾಟರಿ ತೆಗೆದಿಟ್ಟಿದ್ದೆ, ಕ್ಯಾಮೆರಾದೊಳಗಿನ ಗಡಿಯಾರ ಶುರುವಿಗೆ ಹೋಗಿ ಕೂತಿತ್ತು, ನಾನು ಸರಿಮಾಡಿರಲಿಲ್ಲ. "ಇದನ್ನ ಹೆಂಗ್ರೀ ನಂಬೋದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೆರಡು ವರ್ಷದ ಮೂಲ ಫೈಲುಗಳು ಸರಿಯಾಗಿದ್ದವು, ದೂರು ಅದರ ಮೇಲೆ ನಿಂತಿದೆ. ಸರ್ವೆ ಮಾಡಿಸ್ತೀವಿ ಅಂದಿದ್ದಾರೆ. ಕಾಯ್ತಿದ್ದೀವಿ.

ಆಮೇಲೆ ಕಲಿತಿದ್ದನ್ನು ಹೇಳಿಬಿಡ್ತೀನಿ, ನಿಮಗಾದರೂ ಉಪಯೋಗಕ್ಕೆ ಬರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ. ಒಂದು ಪಿಕ್ಸೆಲ್ ಬದಲಾದರೂ ಅದು ಬೇರೆಯಾಗುತ್ತೆ. ವಾಟ್ಸ್ಯಾಪಲ್ಲಿ ಫೋಟೋ ಅಂತ ಕಳಿಸಿದ ಕ್ಷಣ ಫೈಲು ಕುಗ್ಗುತ್ತೆ, ತಾರೀಖು-ಸಮಯ-ಜಾಗದ ವಿವರ ಕಳಚಿ ಬೀಳುತ್ತೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಅಂತ ಕಳಿಸಿ. ಕ್ಯಾಮೆರಾದಲ್ಲಿ ರಾ ಫೈಲ್ ಆನ್ ಇಟ್ಟುಕೊಳ್ಳಿ, ಅದು ಸೆನ್ಸರ್ ಕಂಡದ್ದರ ಹೆಚ್ಚುಕಮ್ಮಿ ಹಸಿ ದಾಖಲೆ. ಮೂಲ ಫೈಲನ್ನು ಮುಟ್ಟದೆ ಎರಡು ಕಡೆ ಇಡಿ. ಹಾಂ, ಗಡಿಯಾರ ನೋಡಿಕೊಳ್ಳಿ.

ಡಿ5300ರಲ್ಲಿ ಜಿಪಿಎಸ್ ಒಳಗೇ ಇದೆ. ಕಾಲುವೆ ತೆಗೆಯುವಾಗ ಆನ್ ಮಾಡ್ತೀನಿ. ಪ್ರತಿಭಟನೆಗೆ ಹೋದಾಗ ಆಫ್. ಯಾಕೆ ಅಂತ ನಿಮಗೆ ಹೇಳಬೇಕಿಲ್ಲ.

ಯಾವ ಕ್ಯಾಮೆರಾ ತಗೋಬೇಕು ಅಂತ ಗೆಳೆಯರು ಆಗಾಗ ಕೇಳ್ತಾರೆ. ಮಾರುಕಟ್ಟೆ ಕಡೆ ಒಮ್ಮೆ ನೋಡಿ. ಜಪಾನಿನ ಕ್ಯಾಮೆರಾ ಉದ್ಯಮ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 80 ಲಕ್ಷಕ್ಕಿಂತ ಕಡಿಮೆ. ಫೋನುಗಳು ಕೆಳಗಿನ ಮೆಟ್ಟಿಲನ್ನು ತಿಂದುಹಾಕಿದವು. ಕಂಪನಿಗಳು ಅಗ್ಗದ ಡಿಎಸ್‌ಎಲ್‌ಆರ್‌ಗಳನ್ನು ಒಂದೊಂದಾಗಿ ನಿಲ್ಲಿಸಿ, ದುಬಾರಿ ಮಿರರ್‌ಲೆಸ್ ಕಡೆ ಸರಿದವು. ನಮ್ಮಲ್ಲಿ ಜಿಎಸ್‌ಟಿ ಬಂದಾಗ ಡಿಜಿಟಲ್ ಕ್ಯಾಮೆರಾವನ್ನು ಶೇ. 28ರ ಸಾಲಿನಲ್ಲಿ ಕೂರಿಸಿದ್ದರು. 2019ರ ಜನವರಿಯಿಂದ ಶೇ. 18. ಇಳಿದರೂ ಮೊದಲ ಸಂಬಳದವರಿಗೆ ಹೊಸದು ಎಟುಕೋದಿಲ್ಲ. 2023ರಲ್ಲಿ ಲೈಕಾ ಕಂಪನಿ ಎಂ11-ಪಿ ಅಂತ ಒಂದು ಕ್ಯಾಮೆರಾ ತಂತು. ಇದು ಅಸಲಿ ಚಿತ್ರ ಅಂತ ಫೋಟೋ ತೆಗೆದ ಗಳಿಗೆಯಲ್ಲೇ ಡಿಜಿಟಲ್ ಸಹಿ ಹಾಕುವ ಮೊದಲ ಕ್ಯಾಮೆರಾ. ಬೆಲೆ ಹಲವು ಲಕ್ಷ. ನಿಜ ಹೇಳ್ತಿದ್ದೀನಿ ಅಂತ ರುಜುವಾತು ಮಾಡೋದಕ್ಕೂ ದುಡ್ಡಿರಬೇಕು ಅನ್ನೋ ಕಾಲ ಬರ್ತಿದೆಯಾ ಅಂತ ಭಯ ಆಗುತ್ತೆ.

ಹಾಗಾಗಿ ನನ್ನ ಸಲಹೆ ಸೆಕೆಂಡ್ ಹ್ಯಾಂಡು. ಬಾಡಿಗೆ ಕಡಿಮೆ ಸುರಿಯಿರಿ, ಲೆನ್ಸಿಗೆ ಉಳಿಸಿಕೊಳ್ಳಿ. ಹತ್ತು ವರ್ಷ ಹಳೇ 24 ಮೆಗಾಪಿಕ್ಸೆಲ್ ಸೆನ್ಸರ್ ಇವತ್ತಿಗೂ ದಿನಪತ್ರಿಕೆಯ ಮುಖಪುಟ ತುಂಬುತ್ತೆ. ತಗೊಳ್ಳುವಾಗ ಶಟರ್ ಕೌಂಟ್ ಕೇಳಿ. ನನ್ನ ಮಾಡೆಲ್ಲಿಗೆ ಕಂಪನಿ ಒಂದು ಲಕ್ಷ ಕ್ಲಿಕ್ ಅಂತ ಹೇಳುತ್ತೆ, ನನಗೆ ಸಿಕ್ಕಾಗ ಮೂವತ್ತು ಸಾವಿರ ಆಗಿತ್ತು. ಲೆನ್ಸಿಗೆ ಟಾರ್ಚ್ ಹಿಡಿದು ಒಳಗೆ ಬೂಷ್ಟು ಇದೆಯಾ ನೋಡಿ. ನಮ್ಮ ಮಲೆನಾಡು, ಕರಾವಳಿಯಿಂದ ಬಂದ ಲೆನ್ಸಾದರೆ ಎರಡು ಸಲ ನೋಡಿ. ಮತ್ತೆ ಚಿಕ್ಕ ಲೆನ್ಸ್ ತಗೊಳ್ಳಿ. 35 ಎಂಎಂ ಎಫ್ 1.8, ಅಂಗೈಯಷ್ಟೂ ಇಲ್ಲ. ಗಾರ್ಡು ಸೀಟಿ ಊದೋದು ಕಡಿಮೆ. ಅದಕ್ಕಿಂತ ಮುಖ್ಯ, ಅದು ಜೂಮ್ ಆಗಲ್ಲ. ಮನುಷ್ಯರ ಫೋಟೋ ಬೇಕಂದ್ರೆ ಹತ್ತಿರ ಹೋಗಬೇಕು, ಹೋದಮೇಲೆ ಮಾತಾಡಬೇಕು.

ಈ ಮಾತಾಡೋ ವಿಷಯದಲ್ಲಿ ನಾವು ಹವ್ಯಾಸಿಗಳೂ ಸಾಚಾಗಳಲ್ಲ. ಕೆ.ಆರ್. ಮಾರ್ಕೆಟ್ಟಿಗೆ ಭಾನುವಾರ ಬೆಳಗ್ಗೆ ಹೋಗಿ ನೋಡಿ. ಹೂ ಮಾರೋ ಅಜ್ಜಿಯ ಮುಖದ ಸುಕ್ಕಿಗೆ ಐದು ಲೆನ್ಸ್ ಗುರಿ ಇಟ್ಟಿರುತ್ತವೆ. ಕಸ ಎತ್ತೋ ಪೌರಕಾರ್ಮಿಕರನ್ನು ದೂರದಿಂದ ಕದ್ದು ಹೊಡೆದು 'ಬದುಕು' ಅಂತ ಶೀರ್ಷಿಕೆ ಕೊಟ್ಟು ಹಾಕೋರು ನಮ್ಮಲ್ಲೇ ಇದ್ದಾರೆ. ನಾನೂ ಮಾಡಿದ್ದೀನಿ. ಒಮ್ಮೆ ಒಬ್ಬ ಅಮ್ಮ ಸೇವಂತಿಗೆ ಕಟ್ಟುತ್ತಾ ತಲೆ ಎತ್ತದೆಯೇ ಕೇಳಿದರು, "ನನ್ ಫೋಟೋ ತಗೊಂಡೋಗಿ ನೀನೇನ್ ಮಾಡ್ತೀಯಪ್ಪ?" ಅದಕ್ಕೂ ಉತ್ತರ ಇರಲಿಲ್ಲ. ಮುಂದಿನ ವಾರ ಪ್ರಿಂಟ್ ಹಾಕಿಸಿ ಕೊಟ್ಟೆ. ನೋಡಿ, "ಕಣ್ಣು ಮುಚ್ಚಿದೀನಲ್ಲೋ, ಇನ್ನೊಂದು ತೆಗಿ" ಅಂದರು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳಲ್ಲಿ ಸಾಮಾನ್ಯ ಜನ ಅಷ್ಟು ನಿರಾಳವಾಗಿ ಕಾಣ್ತಾರಲ್ಲ, ಅದು ಲೆನ್ಸಿನ ಗುಣ ಅಲ್ಲ ಅನ್ನೋದು ಆವತ್ತು ಸ್ವಲ್ಪ ಅರ್ಥವಾಯಿತು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಕೇಸಿನಲ್ಲಿ. ಆ ಹಕ್ಕನ್ನು ಅವರು ಕೇಳಿದ್ದು ಆಧಾರ್ ವಿಷಯದಲ್ಲಿ, ಸರ್ಕಾರದ ಎದುರು. ಆದರೆ ಇವತ್ತು ಖಾಸಗಿತನದ ಹೆಸರು ಹೇಳಿ ಯಾರನ್ನು ತಡೆಯುತ್ತಿದ್ದೇವೆ, ಯಾರಿಗೆ ದಾರಿ ಬಿಟ್ಟಿದ್ದೇವೆ? ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಡಿ ಬೆಂಗಳೂರಿನ ಬೀದಿಗಳಿಗೆ ಬಂದ ಕ್ಯಾಮೆರಾಗಳು 7 ಸಾವಿರಕ್ಕೂ ಹೆಚ್ಚು. ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಂತೆ ಜನ ಸೇರುವ ಮಾಲು, ಆಸ್ಪತ್ರೆಗಳು ಸಿಸಿಟಿವಿ ಹಾಕಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕು. ಇವ್ಯಾವುದಕ್ಕೂ ಯಾರೂ ಸೀಟಿ ಊದುವುದಿಲ್ಲ. ಹೆಣ್ಣುಮಕ್ಕಳ ಸುರಕ್ಷತೆಗೆ ಅವು ಬೇಕು ಅನ್ನೋ ವಾದ ಇದೆ, ತಳ್ಳಿಹಾಕೋದಿಲ್ಲ. ಆದರೆ ಆ ದೃಶ್ಯಗಳನ್ನು ಯಾರು ನೋಡ್ತಾರೆ ಅಂತ ಕೇಳೋ ಹಕ್ಕು ನಮಗಿರಬೇಕಲ್ವಾ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಇದೇ ಓರೆ. ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರ ಸೆಕ್ಷನ್ 17ರಲ್ಲಿ ಕೇಂದ್ರ ಸರ್ಕಾರಕ್ಕಿದೆ. ಪತ್ರಕರ್ತರಿಗೆ ಪ್ರತ್ಯೇಕ ವಿನಾಯಿತಿ ಇಲ್ಲ. 'ವೈಯಕ್ತಿಕ ಅಥವಾ ಮನೆಬಳಕೆ'ಗೆ ಕಾಯ್ದೆ ಅನ್ವಯಿಸುವುದಿಲ್ಲ. ಸರಿ, ನಾನು ಯಾವ ಖಾನೆ? ರಾಜಕಾಲುವೆ ಪಕ್ಕ ಬೇಲಿ ಹಾಕಿಸುತ್ತಾ ನಿಂತವರ ಮುಖ ನನ್ನ ಫೋಟೋದಲ್ಲಿದೆ, ಅದನ್ನು ಇನ್‌ಸ್ಟಾಗ್ರಾಂಗೆ ಹಾಕಿದರೆ ಅದು ಮನೆಬಳಕೆಯಾ? ಪತ್ರಕರ್ತನೂ ಅಲ್ಲ, ಮನೆಯೊಳಗಿನವನೂ ಅಲ್ಲದ ಹವ್ಯಾಸಿಯ ಈ ಜಾಗ ಮಸುಕಾಗಿದೆ. ಮಸುಕು ಜಾಗದಲ್ಲಿ ನೋಟಿಸಿಗೆ ಹೆದರುವವರು ಸುಮ್ಮನಾಗ್ತಾರೆ. ಬೇಲಿ ಹಾಕಿಸಿದವರಿಗೆ ಬೇಕಿರೋದು ಅದೇ.

ಪಾರ್ಕಿನ ವಿಷಯಕ್ಕೆ ಬರ್ತೀನಿ. ಸೀಟಿ ಊದಿಸಿಕೊಂಡ ಮರುವಾರ ಹತ್ತು ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿದೆ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ನಾನು ಒಂದೇ ಸಾಲು ಬರೆದೆ: ಹವ್ಯಾಸಿಗಳು ಕ್ಯಾಮೆರಾ ತರಬಾರದು ಅನ್ನುವ ಆದೇಶದ ಪ್ರತಿ ಕೊಡಿ. ಮೂವತ್ತು ದಿನ ಕಳೆದು, ಒಂದು ಮೇಲ್ಮನವಿ ಬರೆದಾದ ಮೇಲೆ ಉತ್ತರ ಬಂತು. ಒಂದೂವರೆ ಪುಟ. ಸಿನಿಮಾ, ಧಾರಾವಾಹಿ, ಜಾಹೀರಾತು ಚಿತ್ರೀಕರಣದ ಶುಲ್ಕದ ಪಟ್ಟಿ. ಲೆನ್ಸಿನ ಬಗ್ಗೆ, ಡಿಎಸ್‌ಎಲ್‌ಆರ್ ಬಗ್ಗೆ, ಹವ್ಯಾಸಿಗಳ ಬಗ್ಗೆ ಒಂದಕ್ಷರ ಇಲ್ಲ.

ಅದನ್ನು ಜೆರಾಕ್ಸ್ ಮಾಡಿಸಿ ಕ್ಯಾಮೆರಾ ಬ್ಯಾಗಿನಲ್ಲಿ, ಸ್ಪೇರ್ ಬ್ಯಾಟರಿ ಪಕ್ಕ ಇಟ್ಟುಕೊಂಡಿದ್ದೀನಿ. ಹೋದ ಭಾನುವಾರ ಅದೇ ಮಳೆಮರದ ಹತ್ತಿರ ಮತ್ತೆ ಸೀಟಿ ಬಿತ್ತು. ಹೊಸ ಗಾರ್ಡು. ಕಾಗದ ಕೊಟ್ಟೆ. ಎರಡೂ ಪುಟ ನಿಧಾನಕ್ಕೆ ಓದಿದರು. "ಇದನ್ನ ನಮ್ ಸೂಪರ್‌ವೈಸರ್‌ಗೂ ಒಂದು ಕಾಪಿ ಕೊಡಿ ಸಾರ್" ಅಂದರು. ಅಷ್ಟರಲ್ಲಿ ಬಿಸಿಲು ಏರಿಬಿಟ್ಟಿತ್ತು.